ಅಳಿಯಂದಿರ ಅಡಿಪಾಯ

ಒಂದು ಹಿತ್ತಿಲಿಗೆ ಕಲ್ಲು ಹಾಸಲು ಎಷ್ಟು ದಿನ ಬೇಕು? ಹಾಸುವವನು ಮೇಸ್ತ್ರಿಯಾದರೆ ಎರಡು ದಿನ. ಟೈಲರ್ ಆದರೆ, ಕಲ್ಲಿನ ಕೆಳಗೆ ಏನು ಹಾಕಬೇಕು ಎಂದು ತೀರ್ಮಾನಿಸುವುದಕ್ಕೇ ಮೂರು ವಾರ.

ನಮ್ಮ ಟೈಲರ್ ಆ ಮೂರು ವಾರವನ್ನೂ ಅಳೆದು ಸುರಿದು ಮುಗಿಸಿದ್ದ. ಮೂವತ್ತು ವರ್ಷದಿಂದ ಊರಿನವರ ಸೊಂಟ, ಎದೆ, ತೋಳು ಅಳೆದವನು. ಎಂಥ ಬಟ್ಟೆಗಾದರೂ ಕತ್ತರಿ ಹಾಕಲು ಹಿಂದೆಮುಂದೆ ನೋಡಿದವನಲ್ಲ. ಅಂಥವನು ಮನೆಯ ಹಿಂದಿನ ಹನ್ನೆರಡು ಅಡಿ ಅಗಲ, ಹತ್ತು ಅಡಿ ಉದ್ದದ ಮಣ್ಣಿನ ಮುಂದೆ ಕೈಕಟ್ಟಿ ನಿಂತುಬಿಟ್ಟಿದ್ದ. ಕಲ್ಲುಗಳೇನೋ ಬಂದು ಕಾಂಪೌಂಡಿಗೆ ಒರಗಿ ಕೂತಿದ್ದವು. ಒಂದೂವರೆ ಅಡಿ ಚೌಕದ ಬೂದುಬಣ್ಣದ ಹಾಸುಗಲ್ಲುಗಳು, ಐವತ್ತಾರು. ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಅವನ್ನು ಎಣಿಸುತ್ತಿದ್ದ. ಎಣಿಸಿದರೆ ಕೆಲಸ ಸ್ವಲ್ಪ ಮುಂದೆ ಹೋದ ಹಾಗೆ ಅನ್ನಿಸುತ್ತಿತ್ತು.

"ಕಲ್ಲೇನು ಮರಿ ಹಾಕುತ್ತಾ, ದಿನಾ ಎಣಿಸೋಕೆ?" ಅಂದಳು ಹೆಂಡತಿ.

"ಹಾಕಿದ್ರೆ ಒಳ್ಳೇದಾಯ್ತು. ಕೆಲಸ ಇನ್ನೊಂದು ವಾರ ಮುಂದಕ್ಕೆ ಹೋಗುತ್ತೆ," ಅಂದ ಅವನು. ತನ್ನನ್ನು ತಾನೇ ಮೊದಲು ಆಡಿಕೊಂಡರೆ ಉಳಿದವರಿಗೆ ಆಡಿಕೊಳ್ಳಲು ಏನೂ ಉಳಿಯುವುದಿಲ್ಲ ಎಂಬುದು ಅವನ ಬಹುಕಾಲದ ಉಪಾಯ. ಹೆಂಡತಿಯ ಹತ್ತಿರ ಮಾತ್ರ ಅದು ನಡೆಯುತ್ತಿರಲಿಲ್ಲ.

ಅವನ ಹೆದರಿಕೆಗೆ ಕಾರಣವಿತ್ತು. ಆ ಕಾರಣ ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ, ಹೆಗಲಿಗೆ ಟವೆಲ್ ಹಾಕಿಕೊಂಡು ಕೂತಿತ್ತು. ಹೆಂಡತಿಯ ಅಪ್ಪ. ನಲವತ್ತೈದು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ. ಊರಿನ ಅರ್ಧ ಮನೆಗಳ ನೆಲ ಅವರ ಕೈಯಲ್ಲೇ ಮಟ್ಟ ಕಂಡದ್ದು.

ಹೋದ ವರ್ಷ ಟೈಲರ್ ಇದೇ ಹಿತ್ತಿಲಲ್ಲಿ ಒಂದು ಸಾಹಸ ಮಾಡಿದ್ದ. ಮಾವನ ಕೋಣೆಯ ಬಾಗಿಲಿಂದ ಆ ತುದಿಯ ನಲ್ಲಿಯವರೆಗೆ ಏಳು ಕಲ್ಲು ಸಾಲಾಗಿ ಹಾಸಿದ್ದ. ಹಾಸಿದ್ದ ಅಂದರೆ, ಮಣ್ಣಿನ ಮೇಲೆ ಇಟ್ಟು, ಹತ್ತಿ ಕುಣಿದು, ಕೈ ಕೊಡವಿಕೊಂಡಿದ್ದ. ಬಟ್ಟೆಗೆ ಜೇಬು ಅಂಟಿಸಿದಷ್ಟೇ ಸಲೀಸು. ಹೆಂಡತಿ ಅನುಮಾನದಿಂದ ನೋಡಿದಳು. ಅವನು ಸೀದಾ ಮಾವನನ್ನು ಕರೆದುಕೊಂಡು ಬಂದ. ಮಾವ ಬಾಗಿಲಲ್ಲಿ ನಿಂತು ಏಳೂ ಕಲ್ಲನ್ನು ಒಂದೊಂದಾಗಿ ನೋಡಿದರು. ಗಂಟಲು ಸರಿಮಾಡಿಕೊಂಡರು.

"ಚೆನ್ನಾಗಿದೆ ಅಳಿಯಂದ್ರೇ," ಅಂದರು.

ಮೇಸ್ತ್ರಿ ಬಾಯಿಂದ ಬಂದ ಮಾತು! ಟೈಲರ್ ಎರಡು ವಾರ ನೆಲದ ಮೇಲೆ ನಡೆಯಲಿಲ್ಲ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹಿತ್ತಿಲು ತೋರಿಸಿದ. ಆಮೇಲೆ ಮಳೆಗಾಲ ಬಂತು, ಕೆಳಗಿನ ಮಣ್ಣು ಕರಗಿತು, ಬಾಗಿಲಿಂದ ಮೂರನೆಯ ಕಲ್ಲು ಒಂದು ಮೂಲೆಯಲ್ಲಿ ಟೊಳ್ಳಾಯಿತು. ಒಂದು ಬೆಳಿಗ್ಗೆ ಮಾವ ಮುಖ ತೊಳೆಯಲು ನಲ್ಲಿಗೆ ಹೊರಟವರು ಆ ಕಲ್ಲಿನ ಮೇಲೆ ಕಾಲಿಟ್ಟರು. ಕಲ್ಲು ಮಗುಚಿತು. ಮೇಸ್ತ್ರಿಯ ಸೊಂಟದ ಮೂಳೆ ಮುರಿಯಿತು.

ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು. ಈ ನಾಲ್ಕು ತಿಂಗಳಲ್ಲಿ ಮನೆಯಲ್ಲಿ ಯಾರೊಬ್ಬರೂ "ನಿನ್ನ ಕಲ್ಲಿನಿಂದ" ಅನ್ನಲಿಲ್ಲ. ಅಂದಿದ್ದರೆ ಟೈಲರ್ ಎಷ್ಟೋ ಹಗುರವಾಗುತ್ತಿದ್ದ. ಏಳು ಕಲ್ಲುಗಳನ್ನು ಅವನೇ ಕಿತ್ತು, ಮೂರನೆಯದನ್ನು ಮಾತ್ರ ಬೇರೆಯಾಗಿ ಗೋಡೆಯತ್ತ ಮುಖ ಮಾಡಿ ನಿಲ್ಲಿಸಿದ್ದ, ತಪ್ಪು ಮಾಡಿದ ಮಕ್ಕಳನ್ನು ಶಾಲೆಯಲ್ಲಿ ನಿಲ್ಲಿಸುತ್ತಿದ್ದರಲ್ಲ, ಹಾಗೆ.

ಮಾವ ವಾಕರ್ ಹಿಡಿದು ಮಂಚದಿಂದ ಹೊಸ್ತಿಲವರೆಗೆ ಬರುತ್ತಿದ್ದರು. ಏಳು ಹೆಜ್ಜೆ. ಹೊಸ್ತಿಲ ಬಳಿ ನಿಂತು ಹೊರಗಿನ ಮಣ್ಣನ್ನು ನೋಡುತ್ತಿದ್ದರು, ಆಮೇಲೆ ತಿರುಗಿ ಮಂಚಕ್ಕೆ. ಮುಂಬಾಗಿಲಿನಿಂದ ಹೋಗೋಣವೆಂದರೆ ಅಲ್ಲಿ ಟೈಲರ್ ಅಂಗಡಿ, ಅದರಾಚೆ ಕಡಿದಾದ ಐದು ಮೆಟ್ಟಿಲು, ಅದರಾಚೆ ರಸ್ತೆ. ವಾರಕ್ಕೆರಡು ಸಲ ನಡಿಗೆ ಕಲಿಸಲು ಬರುತ್ತಿದ್ದ ಫಿಸಿಯೋ ಮೇಡಂ ಒಂದು ದಿನ ಟೈಲರ್‌ನನ್ನು ಅಂಗಡಿಯಲ್ಲಿ ನಿಲ್ಲಿಸಿಕೊಂಡು ನೇರವಾಗಿ ಹೇಳಿದರು.

"ನೋಡಿ, ಮೂಳೆ ಕೂಡಿದೆ. ಕಾಲಿನಲ್ಲಿ ಶಕ್ತಿ ಇದೆ. ಧೈರ್ಯ ಮಾತ್ರ ಕೂಡಿಕೊಂಡಿಲ್ಲ. ಇನ್ನು ಒಂದೂವರೆ ತಿಂಗಳಲ್ಲಿ ಹೊರಗೆ ಕಾಲಿಟ್ಟು ದಿನಕ್ಕೆ ಮೂವತ್ತು ಹೆಜ್ಜೆ ಹಾಕಬೇಕು. ಇಲ್ಲದಿದ್ರೆ ಆ ಏಳು ಹೆಜ್ಜೆನೇ ಕೊನೆವರೆಗೂ."

ಅದಕ್ಕೇ ಈ ಐವತ್ತಾರು ಕಲ್ಲು.

*

ಬೇರೆ ಮೇಸ್ತ್ರಿಯನ್ನು ಕರೆಸಬಹುದಿತ್ತು. ಹೆಂಡತಿ ಅದನ್ನೇ ಹೇಳಿದಳು. ಟೈಲರ್ ಒಪ್ಪಲಿಲ್ಲ. ತಾನು ಹೊಲಿದ ಕೋಟಿನ ತೋಳು ಕಿತ್ತು ಬಂದರೆ ಬೇರೆ ಟೈಲರ್ ಹತ್ತಿರ ಕಳಿಸುತ್ತಾರೆಯೇ? ಹಟ ಅನ್ನಿ, ಪಾಪಪ್ರಜ್ಞೆ ಅನ್ನಿ. ಅವನು ಅದಕ್ಕೆ ಮರ್ಯಾದೆಯಾಗಿ "ಆಲ್ಟರೇಷನ್" ಎಂದು ಹೆಸರಿಟ್ಟಿದ್ದ.

ಮೊದಲು ಸಿಮೆಂಟ್ ಅಂಗಡಿಯವನನ್ನು ಕೇಳಿದ. ಅವನು ಸಿಮೆಂಟ್ ಅಂದ. ನಾಲ್ಕಿಂಚು ಕಾಂಕ್ರೀಟ್ ಹಾಕಿ ಮೇಲೆ ಕಲ್ಲು ಅಂಟಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡುವುದಿಲ್ಲವಂತೆ. ಪಕ್ಕದ ಮನೆಯಲ್ಲಿ ನಿವೃತ್ತ ಬಸ್ ಡ್ರೈವರ್ ಇದ್ದ. ಅವನು ಕಾಂಪೌಂಡ್ ಮೇಲಿಂದ ತಲೆ ಹಾಕಿ, "ಕಾಂಕ್ರೀಟ್ ಬಿರುಕು ಬಿಡುತ್ತೆ. ಬರೀ ಮರಳು ಹಾಕಿ, ಮೇಲೆ ಕಲ್ಲಿಡಿ, ಮುಗೀತು. ನಾನು ಮೂವತ್ತು ವರ್ಷ ರಸ್ತೆ ಮೇಲೆ ಬದುಕಿದೋನು, ನಂಗೆ ಗೊತ್ತಿಲ್ವಾ?" ಅಂದ. ರಸ್ತೆಯ ಮೇಲೆ ಬಸ್ ಓಡಿಸುವುದಕ್ಕೂ ರಸ್ತೆ ಹಾಕುವುದಕ್ಕೂ ಇರುವ ವ್ಯತ್ಯಾಸ ಟೈಲರ್‌ಗೆ ಹೊಳೆದದ್ದು ಎರಡು ದಿನ ಬಿಟ್ಟು. ಪ್ಯಾಂಟು ಗಿಡ್ಡ ಮಾಡಿಸಲು ಬಂದವನು ಇಟ್ಟಿಗೆ ಚೂರು ಅಂದ. ಶಾಲೆಯ ಸಮವಸ್ತ್ರಕ್ಕೆ ಅಳತೆ ಕೊಡಲು ಮಗಳನ್ನು ಕರೆತಂದವಳು, ಕಲ್ಲೇ ಬೇಡ, ಹುಲ್ಲು ಬೆಳೆಸಿ ಅಂದಳು. ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನುತ್ತಾರೆ. ಇವನು ಹಳ್ಳ ತೋಡುವ ಮೊದಲೇ ಕಲ್ಲುಗಳು ಬೀಳತೊಡಗಿದ್ದವು.

ಗೊತ್ತಿದ್ದವರು ಮನೆಯಲ್ಲೇ ಇದ್ದರು. ಆದರೆ ಅವರನ್ನು ಕೇಳುವುದು ಗೋಡೆಯನ್ನು ಕೇಳಿದ ಹಾಗೆ.

"ಮಾವ, ಕೆಳಗೆ ಕಾಂಕ್ರೀಟ್ ಒಳ್ಳೇದೋ, ಮರಳು ಒಳ್ಳೇದೋ?"

"ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ ಅಳಿಯಂದ್ರೇ."

"ಜಲ್ಲಿ ಹಾಕಿದ್ರೆ?"

"ಹಾಕಬಹುದು. ಅದೂ ಚೆನ್ನಾಗಿರುತ್ತೆ."

ಈ ಮನುಷ್ಯ ಕೆಲಸದ ಜಾಗದಲ್ಲಿ ಹೇಗಿದ್ದರು ಎಂಬುದನ್ನು ಟೈಲರ್ ಕಣ್ಣಾರೆ ಕಂಡಿದ್ದ. ಕೈಕೆಳಗಿನವರು ಒಂದು ಇಟ್ಟಿಗೆ ಕೂದಲೆಳೆಯಷ್ಟು ಹೊರಗಿಟ್ಟರೆ ಸಾಕು, "ಲೋ, ಕಣ್ಣು ಮನೇಲಿ ಬಿಟ್ಟು ಬಂದಿದೀಯೇನೋ? ಕೀಳೋ ಅದನ್ನ!" ಎಂದು ಮೂರು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದರು. ಬೈಸಿಕೊಂಡವರೆಲ್ಲ ಈಗ ದೊಡ್ಡ ಮೇಸ್ತ್ರಿಗಳಾಗಿದ್ದರು. ಅಳಿಯನಿಗೆ ಮಾತ್ರ ಮದುವೆಯಾದ ದಿನದಿಂದ "ನೀವು", "ಬನ್ನಿ", "ಕೂತ್ಕೊಳ್ಳಿ". ಇಪ್ಪತ್ತಾರು ವರ್ಷದಿಂದ ಬಹುವಚನ. ಆ ಬಹುವಚನದಲ್ಲಿ ಟೈಲರ್ ಒಬ್ಬನೇ ಕೂತು ಬೇಸತ್ತಿದ್ದ.

*

ಕೊನೆಗೆ ದಾರಿ ತೋರಿಸಿದವನು ಫೋನಿನೊಳಗಿನ ಒಬ್ಬ ಗಡ್ಡದವನು. ಒಂದು ವಿಡಿಯೋದಲ್ಲಿ ಅವನು ಹೇಳಿದ: ನೆಲವನ್ನು ಮುಕ್ಕಾಲು ಅಡಿ ಅಗೆಯಿರಿ, ಒಂದು ಬಟ್ಟೆ ಹಾಸಿ, ಅದರ ಮೇಲೆ ಜಲ್ಲಿಯನ್ನು ಪದರ ಪದರವಾಗಿ ಹಾಕಿ ಬಡಿಯಿರಿ. ಬಟ್ಟೆ ಇದ್ದರೆ ಜಲ್ಲಿ ಮಣ್ಣಿಗೆ ಇಳಿಯುವುದಿಲ್ಲ, ಮಣ್ಣು ಜಲ್ಲಿಗೆ ಏರುವುದಿಲ್ಲ.

ಟೈಲರ್ ಕುರ್ಚಿಯಿಂದ ಎದ್ದು ನಿಂತ. ಬಟ್ಟೆ! ಕೋಟಿನ ಗತ್ತು ಮೇಲಿನ ಉಣ್ಣೆಯಲ್ಲಿಲ್ಲ, ಕಣ್ಣಿಗೆ ಕಾಣದ ಒಳಪದರದಲ್ಲಿದೆ ಎಂಬುದು ಅವನು ಮೊದಲ ವರ್ಷವೇ ಕಲಿತ ಪಾಠ. ಕಾಲರ್ ನೆಟ್ಟಗೆ ನಿಲ್ಲುವುದು ಯಾಕೆ? ಒಳಗೆ ಬಕ್ರಂ ಇರುವುದರಿಂದ. ನೆಲವೂ ಹಾಗೇ ಅಲ್ಲವೇ? ಮೂರು ವಾರದ ಗೊಂದಲ ಒಂದು ಕ್ಷಣದಲ್ಲಿ ಹರಿಯಿತು. ಜಲ್ಲಿ ಮತ್ತು ಬಟ್ಟೆ. ತೀರ್ಮಾನವಾಯಿತು.

ಅಗೆತಕ್ಕೆ ನಾಲ್ಕು ದಿನ ಹಿಡಿಯಿತು. ಮೂವತ್ತು ವರ್ಷ ಸೂಜಿ ಎತ್ತಿದ ಕೈಗೆ ಗುದ್ದಲಿ ಕೊಟ್ಟರೆ ಏನಾಗುತ್ತದೋ ಅದೇ ಆಯಿತು. ಅಂಗೈಯಲ್ಲಿ ಗುಂಡಿಯಷ್ಟು ದಪ್ಪದ ಬೊಕ್ಕೆಗಳು ಎದ್ದವು. "ಕಾಜಾ ಹೊಲಿದರೆ ಅಂಗೈಯನ್ನೇ ಮುಚ್ಚಬಹುದು," ಎಂದು ಹೆಂಡತಿಗೆ ತೋರಿಸಿದ. ಅವಳು ಎಣ್ಣೆ ಹಚ್ಚಿದಳೇ ಹೊರತು ನಗಲಿಲ್ಲ.

ಇನ್ನು ಬಟ್ಟೆ. ಯಾವ ಬಟ್ಟೆ ಎಂದು ಗಡ್ಡದವನು ಹೇಳಿದ್ದನೋ ಇಲ್ಲವೋ, ಬಟ್ಟೆಯ ವಿಷಯದಲ್ಲಿ ಟೈಲರ್ ಇನ್ನೊಬ್ಬನನ್ನು ಕೇಳುವುದುಂಟೇ? ಅಂಗಡಿಯ ಅಟ್ಟದಲ್ಲಿ ಹಳೆಯ ಬಕ್ರಂನ ದೊಡ್ಡ ಸುರುಳಿ ಇತ್ತು, ಚೆನ್ನಾಗಿ ಗಂಜಿ ಹಾಕಿದ್ದು, ತಗಡಿನ ಹಾಗೆ ಗಟ್ಟಿ. ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ, ಸೀಮೆಸುಣ್ಣದಲ್ಲಿ ಗುರುತು ಮಾಡಿ, ಪಟ್ಟಿಗಳನ್ನು ಜೋಡಿಸಿ ಹೊಲಿದ. ಸುತ್ತ ಒಂದಿಂಚು ಮಡಿಚಿ ಅಂಚು ಕಟ್ಟಿದ. ಅಭ್ಯಾಸ ಎಂಥದು ನೋಡಿ, ಮುಂದೆ ಹಿತ್ತಿಲು ದಪ್ಪಗಾದರೆ ಬಿಡಿಸಿಕೊಳ್ಳಲು ಎಂದು ಒಳಗೆ ಎರಡಿಂಚು ಬಟ್ಟೆಯನ್ನೂ ಬಿಟ್ಟ.

ಹಳ್ಳಕ್ಕೆ ಹಾಸಿದಾಗ ಒಂದು ಸುಕ್ಕಿರಲಿಲ್ಲ. ಕಿಟಕಿಯೊಳಗಿಂದ ಮಾವನ ಕೆಮ್ಮು ಕೇಳಿಸಿತು. ಟೈಲರ್ ಅದನ್ನು ಕೆಮ್ಮು ಎಂದೇ ತಿಳಿದ.

ಬಡಿಯುವ ಮೊದಲು ನೀರು ಹೊಡೆದು ನೆನೆಸಬೇಕೆಂದು ಗಡ್ಡದವನು ಹೇಳಿದ್ದ. ಅವನು ಹೇಳಿದ್ದು ಜಲ್ಲಿಗೆ. ಟೈಲರ್ ಉತ್ಸಾಹದಲ್ಲಿ ಬಟ್ಟೆಯಿಂದಲೇ ಶುರು ಮಾಡಿದ. ಬಕ್ರಂ ನೀರು ಕುಡಿಯಿತು, ಮೆತ್ತಗಾಯಿತು, ಆಮೇಲೆ ಮೂವತ್ತು ಮೀಟರ್‌ನ ಗಂಜಿಯೆಲ್ಲ ಬಿಟ್ಟುಕೊಂಡು ಅಂಟಾಗಿ ಕೂತಿತು. ಆ ಹೊತ್ತಿಗೆ ಸರಿಯಾಗಿ ಫಿಸಿಯೋ ಮೇಡಂ, "ಎಷ್ಟಾಯ್ತು ಕೆಲಸ, ನೋಡೋಣ," ಎನ್ನುತ್ತಾ ಹಿಂಬಾಗಿಲಿಂದ ಇಳಿದರು. ತಿರುಗಿ ಹತ್ತುವಾಗ ಮೇಡಂ ಬಂದರು, ಚಪ್ಪಲಿ ಬರಲಿಲ್ಲ.

ಅಷ್ಟಾದರೂ ಕಿಟಕಿಯಿಂದ ಬಂದ ಮಾತು ಒಂದೇ. "ಪರವಾಗಿಲ್ಲ ಅಳಿಯಂದ್ರೇ. ಬಟ್ಟೆ ಏನೋ ಚೆನ್ನಾಗಿತ್ತು." ಅದನ್ನು ಹೇಳುವಾಗ ಅವರು ಟವೆಲನ್ನು ಬಾಯಿಗೆ ತುರುಕಿಕೊಂಡಿದ್ದರು ಎಂದು ಹೆಂಡತಿ ಆಮೇಲೆ ವರದಿ ಮಾಡಿದಳು.

ಟೈಲರ್ ಆ ಸಂಜೆ ಕಲ್ಲುಗಳ ರಾಶಿಯ ಮೇಲೆ ಕೂತು ತನ್ನನ್ನು ತಾನು ಚೆನ್ನಾಗಿ ಬೈದುಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತನಗೆ ಆ ನೆಪವೂ ಇಲ್ಲ. ನೆಲವನ್ನು ಡೊಂಕು ಮಾಡಿದವನೂ ತಾನೇ, ಅದರ ಮೇಲೆ ಕುಣಿದವನೂ ತಾನೇ, ಬಿದ್ದವರು ಮಾತ್ರ ಬೇರೆ. ಈ ಕೊನೆಯ ಮಾತು ಬಂದಾಗ ತಮಾಷೆ ನಿಂತುಹೋಯಿತು. ಆಮೇಲೆ ಎದ್ದು ಬಕ್ರಂ ಸುಲಿಯತೊಡಗಿದ.

*

ಸರಿಯಾದ ಬಟ್ಟೆ ಸಿಮೆಂಟ್ ಅಂಗಡಿಯಲ್ಲೇ ಸಿಕ್ಕಿತು. ಕೊಳೆಯದ, ನೀರನ್ನು ಕೆಳಗೆ ಬಿಟ್ಟು ಮಣ್ಣನ್ನು ತಡೆಯುವ ಒರಟು ಕಪ್ಪು ಬಟ್ಟೆ. ಕೈಗೆ ತೆಗೆದುಕೊಂಡು ಉಜ್ಜಿ ನೋಡಿದ ಟೈಲರ್‌ಗೆ ಅದರ ನೇಯ್ಗೆ ಬಗ್ಗೆ ಒಳ್ಳೆಯ ಅಭಿಪ್ರಾಯವೇನೂ ಬರಲಿಲ್ಲ. ಬಾಯಿ ಮುಚ್ಚಿಕೊಂಡು ತಂದು ಹಾಸಿದ. ಜಲ್ಲಿ ಬಂತು. ಇನ್ನು ಬಡಿಯಲು ದಮ್ಮಸು ಬೇಕು.

ಮಾವನ ದಮ್ಮಸು ಅವರ ಮಂಚದ ಕೆಳಗೇ ಇತ್ತು. ಚೌಕದ ಕಬ್ಬಿಣದ ತಳ, ಎದೆಯೆತ್ತರದ ಮರದ ಹಿಡಿ. ಹಿಡಿಯ ಮೇಲೆ ಎರಡು ಕಡೆ ಅಂಗೈ ಉಜ್ಜಿ ಉಜ್ಜಿ ಮರ ತೆಳ್ಳಗಾಗಿತ್ತು.

"ತಗೊಳ್ಳಲಾ ಮಾವ?"

"ಅಯ್ಯೋ, ಕೇಳ್ಬೇಕಾ? ತಗೊಳ್ಳಿ. ಭಾರ ಇದೆ, ಹುಷಾರು."

ಮೊದಲ ಪದರ ಎರಡಿಂಚು ಜಲ್ಲಿ. ಟೈಲರ್ ಎತ್ತಿ ಬಡಿದ. ಹತ್ತು ಏಟಿಗೆ ಬೆನ್ನು ಹಿಡಿಯಿತು. ಒಂದು ಸುತ್ತು ಮುಗಿಸಿ, ಸಾಕು ಎಂದು ದಮ್ಮಸು ಗೋಡೆಗೆ ಒರಗಿಸಿದ. ಕಿಟಕಿಯಲ್ಲಿ ಕೆಮ್ಮು.

ಅವನು ಕಿಟಕಿಯ ಕಡೆ ನೋಡಿದ. ಮಾವ ಬೇರೆಲ್ಲೋ ನೋಡುತ್ತಿದ್ದರು. ಅನುಮಾನ ಬಂದು ಮತ್ತೆ ಬಡಿದ. ನಿಲ್ಲಿಸಿದ. ಮತ್ತೆ ಕೆಮ್ಮು. ಬಡಿದ, ಬಡಿದ. ಮೊದಲು ಧಪ್ ಧಪ್ ಎಂದು ಮೆತ್ತಗೆ ಬರುತ್ತಿದ್ದ ಶಬ್ದ ಬರಬರುತ್ತಾ ಬಿಗಿಯಾಗಿ, ಒಂದು ಹಂತದಲ್ಲಿ ಠಣ್ ಎಂದಿತು. ದಮ್ಮಸು ಕೈಯಲ್ಲಿ ಪುಟಿಯಿತು. ನಿಲ್ಲಿಸಿ ಕಿವಿಗೊಟ್ಟ. ಕೆಮ್ಮಿಲ್ಲ.

ಟೈಲರ್‌ಗೆ ಆಗ ಅರ್ಥವಾಯಿತು. ಇಪ್ಪತ್ತಾರು ವರ್ಷ ಒಂದೇ ಮನೆಯವರಾಗಿದ್ದು, ತನ್ನ ಮಾವನಿಗೆ ಕೆಮ್ಮೇ ಇಲ್ಲ ಎಂಬುದು ಇವತ್ತು ತಿಳಿಯಿತಲ್ಲ ಎಂದು ತನ್ನ ಬುದ್ಧಿವಂತಿಕೆಗೆ ತಾನೇ ತಲೆದೂಗಿದ. ಅಂದಿನಿಂದ ಅವನು ಕೆಮ್ಮಿನ ಮೇಲೆ ಕೆಲಸ ಮಾಡಿದ. ಎರಡು ಕೆಮ್ಮು ಅಂದರೆ ಮೂಲೆ ಬಿಟ್ಟಿದ್ದೀಯ. ಉದ್ದನೆಯ ಕೆಮ್ಮು ಅಂದರೆ ನೀರು ಸಾಲದು. ಐದು ದಿನದಲ್ಲಿ ಮೂರು ಪದರ ಆಯಿತು, ಆರಿಂಚು ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿಪುಡಿ. ಎಲ್ಲಿ ತಟ್ಟಿದರೂ ಠಣ್.

ಆದರೂ ಮಾವ ಹೊಸ್ತಿಲು ದಾಟಲಿಲ್ಲ. ಬರುತ್ತಿದ್ದರು, ನಿಲ್ಲುತ್ತಿದ್ದರು, ಹಿಂದಿರುಗುತ್ತಿದ್ದರು. ಮೇಡಂ ಕೊಟ್ಟ ಗಡುವಿನಲ್ಲಿ ಆರು ದಿನ ಉಳಿದಿತ್ತು.

*

ಕಲ್ಲು ಇಡುವ ಹಿಂದಿನ ದಿನ ಟೈಲರ್ ಪುಡಿಯನ್ನು ಮಟ್ಟ ಮಾಡಿದ. ಈ ಕೆಲಸಕ್ಕೆ ಯಾರ ಕೆಮ್ಮೂ ಬೇಕಿಲ್ಲ ಎಂಬ ಧೈರ್ಯ ಅವನದು. ಇಸ್ತ್ರಿ ಹಾಕಿದವನಿಗೆ ಮಟ್ಟ ಹೇಳಿಕೊಡಬೇಕೇ? ಉದ್ದನೆಯ ಮರದ ಪಟ್ಟಿಯಿಂದ ಎಳೆದು, ಬಡಿದು, ರಸಮಟ್ಟ ಇಟ್ಟು ನೋಡಿದ. ಗಾಜಿನ ಕೊಳವೆಯ ಗುಳ್ಳೆ ನಟ್ಟನಡುವೆ ನಿಂತಿತು. ಅಡ್ಡ ಇಟ್ಟ, ನಡುವೆ. ಉದ್ದ ಇಟ್ಟ, ನಡುವೆ. ಮೂಲೆಯಿಂದ ಮೂಲೆಗೆ, ನಡುವೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಮಾಡಿ, ಕೊನೆಗೆ ಮಾವನನ್ನು ಕರೆದ. ಹೋದ ವರ್ಷದ ಹಾಗೆಯೇ.

ಮಾವ ವಾಕರ್ ಊರಿಕೊಂಡು ಬಾಗಿಲಿಗೆ ಬಂದರು. ನೆಲ ನೋಡಿದರು. ಕೆಮ್ಮಲಿಲ್ಲ. ಮುಖ ಮಾತ್ರ ಹುಳಿ ತಿಂದವರ ಹಾಗೆ ಆಯಿತು. ಬಾಯಿ ತೆರೆದರು, ಮುಚ್ಚಿದರು.

"ಹೇಗಿದೆ ಮಾವ?"

"ಚೆ..." ಅಂದರು. ಅಷ್ಟಕ್ಕೇ ನಿಂತಿತು.

ಅದೇ ಹೊತ್ತಿಗೆ ಬಟ್ಟೆ ಒಗೆದು ಮುಗಿಸಿದ್ದ ಹೆಂಡತಿ, ಮಾತಿನ ಕಡೆ ಗಮನವಿಲ್ಲದೆ, ನಲ್ಲಿಯ ಹತ್ತಿರ ನಿಂತು ಒಂದು ದೊಡ್ಡ ಬಕೆಟ್ ನೀರನ್ನು ಅಭ್ಯಾಸದಂತೆ ದಬಕ್ಕನೆ ಸುರಿದಳು. ನೆಲ ಮಣ್ಣಾಗಿದ್ದಾಗ ಅದು ಅಲ್ಲೇ ಇಂಗುತ್ತಿತ್ತು. ಈಗ ಕೆಳಗಿದ್ದದ್ದು ಐದು ದಿನ ಬಡಿದ ನೆಲ. ನೀರಿಗೆ ಎತ್ತ ಹೋಗಬೇಕೋ ತಿಳಿಯಲಿಲ್ಲ. ಯಾರೂ ದಾರಿ ತೋರಿಸದೆ ಇದ್ದದ್ದರಿಂದ ಎಲ್ಲ ಕಡೆಗೂ ಹೊರಟಿತು. ಅಗಲವಾಗಿ, ನಿಧಾನವಾಗಿ, ಸೋಪಿನ ನೊರೆ ಹೊತ್ತುಕೊಂಡು ಸೀದಾ ಮಾವನ ಬಾಗಿಲಿಗೆ ಬಂತು. ಹೊಸ್ತಿಲ ಬುಡದಲ್ಲಿ ಗೋಡೆಗೆ ಅಂಟಿಕೊಂಡು ನಿಂತಿತು.

ಮಾವ ಅದನ್ನು ನೋಡಿದರು. ಅವರ ಕತ್ತಿನ ನರ ಉಬ್ಬಿತು.

"ಲೋ!"

ಪಕ್ಕದ ಮನೆಯ ಡ್ರೈವರ್ ಕಾಂಪೌಂಡಿನ ಮೇಲೆ ತಲೆ ಎತ್ತಿದ.

"ಲೋ, ವಾಟ ಎಲ್ಲೋ? ವಾಟ ಎಲ್ಲಿ ಕೊಟ್ಟಿದೀಯಾ? ನೀರು ಗೋಡೆ ಬುಡಕ್ಕೆ ಬಂದು ಕೂತ್ಕೊಂಡ್ರೆ ಗೋಡೆ ಎಷ್ಟು ದಿನ ನಿಲ್ಲುತ್ತೋ? ಮೇಜಿನ ಮೇಲೆ ಬಟ್ಟೆ ಹಾಸಿದ ಹಾಗೆ ಹಾಸಿದೀಯಲ್ಲೋ! ಇಷ್ಟು ಚೆನ್ನಾಗಿ ಬಡಿದು ಇಷ್ಟು ದಡ್ಡತನ ಮಾಡ್ತಾರೇನೋ ಯಾರಾದ್ರೂ? ಗುಳ್ಳೆ ನಡುವೆ ಬಂತು ಅಂತ ಕುಣೀತಿದೀಯಾ? ಗುಳ್ಳೆ ಸ್ವಲ್ಪ ಆಚೆ ಈಚೆ ಇರ್ಬೇಕು ಕಣೋ, ನೀರು ಮೋರಿ ಕಡೆ ಇಳೀಬೇಕು! ಸರಿ ಆ ಕಡೆ!"

ಇಷ್ಟನ್ನು ಹೇಳುತ್ತಾ ಅವರು ವಾಕರನ್ನು ಹೊಸ್ತಿಲಾಚೆಗೆ ಇಳಿಸಿದರು, ಹಿಂದೆಯೇ ಕಾಲು ಇಳಿಸಿದರು, ಇನ್ನೊಂದು ಕಾಲು. ಸೋಪಿನ ನೀರನ್ನು ಬಳಸಿಕೊಂಡು ನಡೆದರು. ಕಲ್ಲಿಲ್ಲದ ಆ ಬರಿಯ ನೆಲದ ಮೇಲೆ ವಾಕರ್‌ನ ನಾಲ್ಕು ಕಾಲು ಠಣ್ ಠಣ್ ಅಂದವು. ಗೋಡೆಯಿಂದ, ನಲ್ಲಿಯಾಚೆಯ ಮೋರಿಯ ಕಡೆಗೆ ಹೋದರು. ಅಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೆಲದ ಉದ್ದಕ್ಕೂ ನೋಟ ಹಾಯಿಸಿದರು. ಈ ಮೂಲೆ ಎತ್ತರ, ಆ ಮೂಲೆ ಎತ್ತರ ಎಂದು ಬೈಯುತ್ತಾ ಸುತ್ತು ಹಾಕಿದರು.

ಟೈಲರ್ ಉಸಿರು ಬಿಗಿಹಿಡಿದು ನಿಂತಿದ್ದ. ಹೆಂಡತಿ ಬಕೆಟ್ ಹಿಡಿದುಕೊಂಡೇ, ಇನ್ನೊಂದು ಕೈಯ ಬೆರಳುಗಳಲ್ಲಿ ಹೆಜ್ಜೆ ಎಣಿಸುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ನೆಲವನ್ನು ಮಟ್ಟ ಹಾಕಲು ಹೋಗಿ ನೆಲವೇ ತನ್ನನ್ನು ಮಟ್ಟ ಹಾಕಿತಲ್ಲ ಎಂದು ಟೈಲರ್‌ಗೆ ನಗು ಬಂತು, ಅದರ ಹಿಂದೆಯೇ ಅಳು. ಇಷ್ಟು ಸುಖವಾಗಿ ಅವನನ್ನು ಯಾರೂ ಯಾವತ್ತೂ ಬೈದಿರಲಿಲ್ಲ.

"ಏನೋ ಬಾಯಿ ಬಿಟ್ಕೊಂಡು ನಿಂತಿದೀಯಾ? ದಾರ ತಗೊಂಬಾ!"

ಆಗ ಹೆಂಡತಿಯ ಬಾಯಿ ಜಾರಿತು. "ಅಪ್ಪಾ! ಅವರನ್ನ ಹೋಗೋ ಬಾರೋ ಅಂತಿದೀರಲ್ಲ!"

ಮಾವ ಗಕ್ಕನೆ ನಿಂತರು. ಅಳಿಯನ ಮುಖ ನೋಡಿದರು. ಕಾಂಪೌಂಡಿನ ಮೇಲಿದ್ದ ಡ್ರೈವರನ ಮುಖ ನೋಡಿದರು. ಆಮೇಲೆ ತಮ್ಮ ಕಾಲು ನೋಡಿಕೊಂಡರು. ತಾವು ಹೊರಗಿದ್ದೇವೆ ಎಂಬುದು ಅವರಿಗೆ ಆಗ ಗೊತ್ತಾಯಿತು. ವಾಕರನ್ನು ಹತ್ತಿರಕ್ಕೆ ಎಳೆದುಕೊಂಡರು.

"ತಪ್ಪಾಯ್ತು ಅಳಿಯಂದ್ರೇ," ಅಂದರು. ಸ್ವರ ಬಿದ್ದುಹೋಗಿತ್ತು. "ಏನೋ ಹಳೇ ಅಭ್ಯಾಸ. ನೀವು ಬೇಜಾರು ಮಾಡ್ಕೋಬೇಡಿ. ಒಳಗೆ ಹೋಗ್ತೀನಿ." ಬಾಗಿಲಿನ ಕಡೆ ತಿರುಗಿದರು.

ಬಾಗಿಲು ಹತ್ತೇ ಅಡಿ ದೂರ. ಆ ಬಹುವಚನದ ಜೊತೆ ಒಳಗೆ ಹೋದರೆ ಅವರು ಮತ್ತೆ ಬರುವುದಿಲ್ಲ ಎಂಬುದು ಟೈಲರ್‌ಗೆ ಸ್ಪಷ್ಟವಾಗಿ ಗೊತ್ತಾಯಿತು. ಜೀವಮಾನದಲ್ಲಿ ಒಂದೇ ಒಂದು ಸಲ, ಅಳೆಯದೆ, ಗುರುತು ಹಾಕದೆ ಅವನು ಕತ್ತರಿ ಆಡಿಸಿದ.

"ಮೇಸ್ತ್ರಿ," ಅಂದ.

'ಮಾವ' ಎನ್ನಲಿಲ್ಲ ಅವನು. ಮಾವ ತಿರುಗಿ ನೋಡಿದರು.

"ವಾಟ ಎಷ್ಟು ಕೊಡ್ಲಿ ಮೇಸ್ತ್ರಿ?"

ಅವರು ಬಹಳ ಹೊತ್ತು ಅಳಿಯನನ್ನೇ ನೋಡಿದರು. ಅವನ ಅಂಗೈಯ ಬೊಕ್ಕೆ, ಮೊಣಕಾಲಿನ ಪುಡಿ, ಕಿವಿಗೆ ಸಿಕ್ಕಿಸಿದ ಸೀಮೆಸುಣ್ಣ ಎಲ್ಲವನ್ನೂ ನೋಡಿದರು.

"ಹತ್ತಡಿಗೆ ಎರಡಿಂಚು," ಅಂದರು. ಸ್ವಲ್ಪ ತಡೆದು, "ಇಳಿಸು," ಅಂದರು.

ಹೆಂಡತಿಯ ಬೆರಳು ನಲವತ್ತೊಂದಕ್ಕೆ ಬಂದು ನಿಂತಿತ್ತು.

*

ಮಟ್ಟ ಮಾಡಿದ್ದನ್ನೆಲ್ಲ ಕೆದಕಿ ಮತ್ತೆ ಬಡಿಯಲು ಮೂರು ದಿನ ಹಿಡಿಯಿತು. ಮೇಸ್ತ್ರಿ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತರು, ಕೂತಿದ್ದಕ್ಕಿಂತ ಎದ್ದು ಓಡಾಡಿದ್ದೇ ಹೆಚ್ಚು. ಫಿಸಿಯೋ ಮೇಡಂ ಬಂದವರು, ರೋಗಿ ಒಬ್ಬ ಟೈಲರ್‌ನನ್ನು ಬೈಯುತ್ತಾ ಹಿತ್ತಿಲ ತುಂಬ ತಿರುಗುತ್ತಿರುವುದನ್ನು ಕಂಡು, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಇಳಿದರು. ಆ ನೆಲದ ಬಗ್ಗೆ ಅವರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

ಊಟದ ಹೊತ್ತಿಗೆ ಮಾತ್ರ "ಅಳಿಯಂದ್ರೇ, ಬನ್ನಿ, ಕೂತ್ಕೊಳ್ಳಿ" ಮುಂದುವರಿಯಿತು. ಕೈ ತೊಳೆದು ಹಿತ್ತಿಲಿಗೆ ಇಳಿದರೆ "ಲೋ". ಎರಡರ ನಡುವೆ ಒಂದು ಹೊಸ್ತಿಲು, ಅಷ್ಟೇ.

ಐವತ್ತಾರು ಕಲ್ಲು ಇಟ್ಟು ಮುಗಿಸಿದ ಮಧ್ಯಾಹ್ನ ಮೇಸ್ತ್ರಿ ವಾಕರ್ ಬಿಟ್ಟು ಕೋಲು ಹಿಡಿದು ಬಂದರು. ಬಾಗಿಲಿಂದ ನಲ್ಲಿಯ ಕಡೆಗೆ ಒಂದೊಂದೇ ಕಲ್ಲನ್ನು ಕೋಲಿನಿಂದ ತಟ್ಟಿದರು. ಮೊದಲನೆಯದು ಠಣ್. ಎರಡನೆಯದು ಠಣ್. ಮೂರನೆಯದರ ಮೇಲೆ ಕೋಲು ನಿಂತಿತು. ಮತ್ತೊಮ್ಮೆ ತಟ್ಟಿದರು. ಒಂದು ಮೂಲೆಯಲ್ಲಿ ಶಬ್ದ ಸ್ವಲ್ಪ ಮಂಕಾಗಿತ್ತು. ಟೈಲರ್‌ಗೆ ಕೇಳಿಸದಷ್ಟು ಸ್ವಲ್ಪ.

ಅವರು ತಲೆ ಎತ್ತಲಿಲ್ಲ.

"ಹೋದ ವರ್ಷ ನೀನು ಕರೆದು ತೋರಿಸಿದಾಗಲೇ ನಂಗೆ ಗೊತ್ತಿತ್ತು ಕಣೋ," ಅಂದರು. "ಏಳು ಕಲ್ಲಿಗೂ ಬುಡ ಇರಲಿಲ್ಲ. ಮಳೆ ಬಂದ್ರೆ ಮೂರನೇದು ಹೋಗುತ್ತೆ ಅಂತಲೂ ಗೊತ್ತಿತ್ತು. ಬೇರೆ ಯಾವನೇ ಆಗಿದ್ರೂ ಕಿತ್ತು ಬಿಸಾಕು ಅಂತಿದ್ದೆ. ಅಳಿಯ, ಮನಸ್ಸಿಗೆ ನೋವಾಗುತ್ತೆ ಅಂತ 'ಚೆನ್ನಾಗಿದೆ' ಅಂದ್ಬಿಟ್ಟೆ. ಗೊತ್ತಿದ್ದೂ ದಿನಾ ಅದರ ಮೇಲೇ ನಡೆದೆ. ಬೀಳಿಸಿದ್ದು ನಿನ್ನ ಕಲ್ಲಲ್ಲ, ನನ್ನ ಸುಳ್ಳು."

ಟೈಲರ್‌ಗೆ ತಮಾಷೆಯ ಒಂದು ಮಾತೂ ಕೈಗೆ ಸಿಗಲಿಲ್ಲ.

ಮೇಸ್ತ್ರಿ ಮೂರನೆಯ ಕಲ್ಲಿನ ಮೂಲೆಯನ್ನು ಕೋಲಿನಿಂದ ಇನ್ನೊಮ್ಮೆ ತಟ್ಟಿದರು.

"ಇದು ಚೆನ್ನಾಗಿಲ್ಲ," ಅಂದರು. "ಎತ್ತೋ."

ಟೈಲರ್ ಮೊಣಕಾಲೂರಿ ಕೂತು, ಎರಡೂ ಕೈಯಿಂದ ಕಲ್ಲು ಎತ್ತಿದ.